ತೊಟ್ಟಿಯೊಳಗಿನ ಜೀವವನ್ನು ನೋಡಿದ ಲೂಯಿ ಪಾಶ್ಚರ್

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂಭ್ರಮದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿ ಹೇಳಿದರು. ಆಗ ನನಗೆ ಥಟ್ಟನೆ ನೆನಪಾದ ಹೆಸರು ಲೂಯಿ ಪಾಶ್ಚರ್. ನಾವೆಲ್ಲ ಈ ಹೆಸರನ್ನು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಬಾಯಿಪಾಠ ಮಾಡಿದವರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರು ಯಾರು ಎಂಬುದು ಒಂದು ಅಂಕದ ಪ್ರಶ್ನೆ. ಹಾಲಿನ ಪಾಶ್ಚರೀಕರಣ ಎಂದರೇನು ಎಂಬುದು ಎರಡು ಅಂಕದ್ದು. ಮೂರು ಅಂಕ ಪಡೆದು ನಾನು ಪಾಶ್ಚರ್ ಅವರನ್ನು ಮರೆತುಬಿಟ್ಟಿದ್ದೆ. ಅವರು ಮತ್ತೆ ನನ್ನ ಜೀವನದೊಳಗೆ ಬಂದದ್ದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೂ ನಮ್ಮೂರಿನ ಕಾಫಿ ಪಲ್ಪಿಂಗ್ ತೊಟ್ಟಿಗೂ ಸಂಬಂಧವಿದೆ. ಆದ್ದರಿಂದ ಮೊದಲು ತೊಟ್ಟಿಯ ವಿಷಯ ಹೇಳಿ ನಂತರ ಅವರ ಕಥೆಗೆ ಬರುತ್ತೇನೆ.

ಮೂಡಿಗೆರೆ, ಕಳಸ ಕಡೆಯ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸಂಚಿಕೆ ದೂರದ ಊರಿನ ಹಳೆಯ ವಿದ್ಯಾರ್ಥಿಗಳ ಮಕ್ಕಳ ಕೈಗೂ ಹೋಗುತ್ತದೆ. ಅರೇಬಿಕಾ ಹಣ್ಣನ್ನು ಕುಯ್ದು ತಂದು ಅದೇ ದಿನ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆಯುತ್ತೇವೆ. ಒಳಗಿನ ಬೀಜದ ಮೇಲೆ ಸಿಹಿಯಾದ ಲೋಳೆ ಇರುತ್ತದೆ. ಅದು ಬಿಡಬೇಕಾದರೆ ಬೀಜವನ್ನು ತೊಟ್ಟಿಯಲ್ಲಿ 24ರಿಂದ 36 ಗಂಟೆ ಹುಳಿಬರಿಸಬೇಕು. ಚಳಿ ಹೆಚ್ಚಿದ್ದರೆ ತಡ, ಬಿಸಿಲಿದ್ದರೆ ಬೇಗ. ಒಂದು ಹಿಡಿ ಬೀಜ ತೆಗೆದು ಅಂಗೈಯಲ್ಲಿ ಉಜ್ಜಿದಾಗ ಜಾರದೆ ಮರಳಿನಂತೆ ಚರಚರ ಅಂದರೆ ತೊಳೆಯುವ ಹೊತ್ತಾಯಿತು ಎಂದರ್ಥ. ಅದನ್ನು ಮೀರಿದರೆ ಬೀಜವೇ ನಾರತೊಡಗುತ್ತದೆ. ಅಂಥ ಬೀಜ ಒಂದು ಹಿಡಿ ಸೇರಿದರೂ ಇಡೀ ಮೂಟೆಯ ರುಚಿ ಕೆಡುತ್ತದೆ.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಡಿಸೆಂಬರಿನಲ್ಲಿ ಅಪ್ಪ ಒಂದು ಸಾವಿನ ಮನೆಗೆ ಹೊರಟುನಿಂತಿದ್ದರು. ಬೆಳಿಗ್ಗೆ ಎದ್ದವನೇ ತೊಟ್ಟಿಗೆ ಕೈ ಹಾಕಿ ನೋಡು, ಚರಚರ ಅಂದರೆ ಆಳುಗಳಿಗೆ ತೊಳೆಯಲು ಹೇಳು ಎಂದು ಹೇಳಿ ಬಸ್ಸು ಹತ್ತಿದರು. ಮರುದಿನ ನನಗೆ ಗಣಿತದ ಕಿರುಪರೀಕ್ಷೆ. ತೊಟ್ಟಿ ಮರೆತೇಹೋಯಿತು. ಸಂಜೆ ಶಾಲೆಯಿಂದ ಬಂದಾಗ ಅಂಗಳಕ್ಕೇ ಹುಳಿ ವಾಸನೆ ಹೊಡೆಯುತ್ತಿತ್ತು. ಅಪ್ಪ ಬಂದು ಒಂದು ಹಿಡಿ ಬೀಜ ಎತ್ತಿ ಮೂಸಿ ನೋಡಿ, ಏನೂ ಅನ್ನದೆ, ಕೈ ತೊಳೆದುಕೊಂಡು ಒಳಗೆ ಹೋದರು. ಆ ವರ್ಷದ ಆ ಒಂದು ಲಾಟಿಗೆ ಬೆಲೆ ಕಡಿತವಾಯಿತು. ನನ್ನ ಪಿಯುಸಿ ಸೇರ್ಪಡೆಗೆ ಅವರು ಸಾಲ ಮಾಡಿದರು. ಎರಡಕ್ಕೂ ನೇರ ಸಂಬಂಧ ಇತ್ತೋ ಇಲ್ಲವೋ ಇಂದಿಗೂ ನಾನು ಕೇಳಿಲ್ಲ.

ಆ ತೊಟ್ಟಿಯಲ್ಲಿ ಏನು ನಡೆಯಿತು? ಕಾಫಿ ತಾನಾಗಿಯೇ ಕೆಟ್ಟಿತು ಎಂದೇ ನಾವು ಹೇಳುತ್ತೇವೆ. ಇನ್ನೂರು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರೂ ಹಾಗೆಯೇ ಹೇಳುತ್ತಿದ್ದರು. ಹಾಗಲ್ಲ, ಅಲ್ಲಿ ಕೋಟ್ಯಂತರ ಜೀವಿಗಳು ಬದುಕಿ ದುಡಿಯುತ್ತಿವೆ, ಅವುಗಳ ಆರೋಗ್ಯ ನೋಡದೆ ನಿಮ್ಮ ತೊಟ್ಟಿಯ ಗತಿ ತಿಳಿಯದು ಎಂದು ತೋರಿಸಿಕೊಟ್ಟವರು ಪಾಶ್ಚರ್.

ಲೂಯಿ ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಪೂರ್ವಭಾಗದ ಜ್ಯೂರಾ ಬೆಟ್ಟಸೀಮೆಯ ಡೋಲ್ ಎಂಬ ಪಟ್ಟಣದಲ್ಲಿ. ತಂದೆ ನೆಪೋಲಿಯನ್ ಸೈನ್ಯದಲ್ಲಿ ಇದ್ದು ಬಂದವರು, ಆಮೇಲೆ ಚರ್ಮ ಹದಮಾಡುವ ಕಸುಬು ಮಾಡುತ್ತಿದ್ದರು. ಬಾಲ್ಯವೆಲ್ಲ ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ. ಅದು ದ್ರಾಕ್ಷಿ ತೋಟಗಳ ಊರು. ನಮಗೆ ಕಾಫಿ ಹೇಗೋ ಅವರಿಗೆ ದ್ರಾಕ್ಷಿ ಹಾಗೆ. ಕೊಯ್ಲಿನ ಮೇಲೆ ಇಡೀ ಊರಿನ ವರ್ಷ ನಿಂತಿರುತ್ತಿತ್ತು.

ಹುಡುಗ ಓದಿನಲ್ಲಿ ಸಾಧಾರಣ. ಚಿತ್ರ ಬರೆಯುವುದರಲ್ಲಿ ಮಾತ್ರ ಕೈ ಚೆನ್ನಾಗಿತ್ತು. ಅಪ್ಪ ಅಮ್ಮನ, ಅಕ್ಕಪಕ್ಕದವರ ಮುಖಗಳನ್ನು ಬಣ್ಣದ ಕಡ್ಡಿಗಳಿಂದ ಬರೆಯುತ್ತಿದ್ದ. ಹದಿನೈದು ವರ್ಷವಾದಾಗ ಪ್ಯಾರಿಸ್ಸಿಗೆ ಓದಲು ಕಳಿಸಿದರು. ಊರಿನ ನೆನಪು ತಡೆಯಲಾರದೆ ಕೆಲವೇ ವಾರಗಳಲ್ಲಿ ತಂದೆಯ ಜೊತೆ ವಾಪಸು ಬಂದುಬಿಟ್ಟ. ಹಾಸ್ಟೆಲ್ಲಿಗೆ ಸೇರಿ ಮೊದಲ ವಾರವೇ ಕಳಸದ ಬಸ್ಸು ಹತ್ತಿ ಮನೆಗೆ ಬಂದ ನಮ್ಮ ಬ್ಯಾಚಿನ ಮೂವರ ನೆನಪು ನನಗಾಗುತ್ತದೆ. ಮುಂದೆ ವಿಜ್ಞಾನದ ಪದವಿಪೂರ್ವ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಅವರಿಗೆ ಸಿಕ್ಕಿದ್ದು ಸಾಧಾರಣ ಎಂಬ ಷರಾ. ಪ್ಯಾರಿಸ್ಸಿನ ಹೆಸರಾಂತ ಎಕೋಲ್ ನಾರ್ಮಲ್ ಸಂಸ್ಥೆಗೆ 1842ರಲ್ಲಿ ಆಯ್ಕೆಯಾದರೂ, ಪಟ್ಟಿಯಲ್ಲಿ ತನ್ನ ಸ್ಥಾನ ಕೆಳಗಿದೆ ಎಂದು ಸೇರದೆ, ಮತ್ತೊಂದು ವರ್ಷ ಓದಿ 1843ರಲ್ಲಿ ಮೇಲಿನ ಸ್ಥಾನ ಪಡೆದು ಸೇರಿದರು. ಛಲ ಅಂದರೆ ಅದು.

1848ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವರು ದ್ರಾಕ್ಷಾರಸದ ಪೀಪಾಯಿಯಲ್ಲಿ ಸಿಗುವ ಟಾರ್ಟಾರಿಕ್ ಆಮ್ಲದ ಬಂಧುವಾದ ಒಂದು ಲವಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹರಳುಗಳಲ್ಲಿ ಎರಡು ಬಗೆ ಕಂಡವು. ಒಂದು ಇನ್ನೊಂದರ ಕನ್ನಡಿ ಬಿಂಬ, ಎಡಗೈ ಬಲಗೈ ಇದ್ದಂತೆ. ಚಿಮಟದಿಂದ ಒಂದೊಂದೇ ಹರಳನ್ನು ಆರಿಸಿ ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆಯ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಎಲ್ಲರ ಕಣ್ಣೆದುರಿಗೇ ಇದ್ದದ್ದನ್ನು ಇವರು ನೋಡಿದರು. ಚಿತ್ರ ಬರೆಯುವ ಕಣ್ಣು ಇಲ್ಲಿ ಕೆಲಸಕ್ಕೆ ಬಂತು ಎಂದು ನನಗನ್ನಿಸುತ್ತದೆ.

ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಅಧ್ಯಾಪಕರಾದರು. ಅಲ್ಲಿನ ವಿದ್ಯಾಸಂಸ್ಥೆಯ ಮುಖ್ಯಸ್ಥರ ಮಗಳು ಮಾರಿ ಲೊರಾಂ ಅವರನ್ನು ಮದುವೆಯಾದರು. ಈ ಹೆಣ್ಣುಮಗಳ ಹೆಸರು ನಮ್ಮ ಪಾಠದಲ್ಲಿ ಇರಲಿಲ್ಲ. ರಾತ್ರಿ ಹೊತ್ತು ಗಂಡ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದವರು, ಮುಂದೆ ರೇಷ್ಮೆ ಹುಳು ಸಾಕಿ ಪ್ರಯೋಗಕ್ಕೆ ನೆರವಾದವರು ಅವರೇ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಅವರಲ್ಲಿ ಇಬ್ಬರನ್ನು ಕೊಂಡೊಯ್ದದ್ದು ಟೈಫಾಯ್ಡ್ ಜ್ವರ. ಮುಂದೆ ರೋಗಾಣುಗಳ ಬೆನ್ನು ಹತ್ತಿದ ಮನುಷ್ಯನ ಮನೆಯೊಳಗಿನ ನೋವು ಇದು.

1854ರಲ್ಲಿ ಪಾಶ್ಚರ್ ಉತ್ತರ ಫ್ರಾನ್ಸಿನ ಲಿಲ್ ನಗರದ ವಿಜ್ಞಾನ ವಿಭಾಗಕ್ಕೆ ಡೀನ್ ಆಗಿ ಹೋದರು. ಲಿಲ್ ಕಾರ್ಖಾನೆಗಳ ಊರು. 1856ರಲ್ಲಿ ಅವರ ಒಬ್ಬ ವಿದ್ಯಾರ್ಥಿಯ ತಂದೆ, ಬಿಗೋ ಎಂಬ ಕಾರ್ಖಾನೆಯವರು, ಸಹಾಯ ಕೇಳಿ ಬಂದರು. ಅವರು ಬೀಟ್‌ರೂಟ್ ರಸವನ್ನು ದೊಡ್ಡ ತೊಟ್ಟಿಗಳಲ್ಲಿ ಹುಳಿಬರಿಸಿ ಮದ್ಯಸಾರ ತೆಗೆಯುತ್ತಿದ್ದರು. ಕೆಲವು ತೊಟ್ಟಿ ಚೆನ್ನಾಗಿ ಬರುತ್ತಿದ್ದವು, ಕೆಲವು ಹುಳಿಯಾಗಿ ನಾರಿ ಹಾಳಾಗುತ್ತಿದ್ದವು. ಕಾರಣ ಯಾರಿಗೂ ತಿಳಿಯದು. ಡೀನ್ ಸಾಹೇಬರು ಪ್ರತಿದಿನ ಕಾರ್ಖಾನೆಗೆ ನಡೆದುಹೋಗಿ ತೊಟ್ಟಿಗಳಿಂದ ಮಾದರಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಳ್ಳೆಯ ತೊಟ್ಟಿಯಲ್ಲಿ ದುಂಡನೆಯ, ತುಂಬಿದ ಯೀಸ್ಟ್ ಕಣಗಳು. ಕೆಡತೊಡಗಿದ ತೊಟ್ಟಿಯಲ್ಲಿ ಕಣಗಳ ಆಕಾರ ಉದ್ದವಾಗುತ್ತಿತ್ತು. ಪೂರ್ತಿ ಕೆಟ್ಟದ್ದರಲ್ಲಿ ಯೀಸ್ಟಿಗಿಂತ ಎಷ್ಟೋ ಸಣ್ಣದಾದ, ಕಡ್ಡಿಯಂಥ ಬೇರೆಯೇ ಜೀವಿಗಳು ಓಡಾಡುತ್ತಿದ್ದವು. ತೊಟ್ಟಿಯ ಮೇಲೆ ವಾಸನೆ ಬರುವ ಮೊದಲೇ ಒಳಗಿನ ಸ್ಥಿತಿ ಹೇಳಬಹುದೆಂದು ಆಗ ತಿಳಿಯಿತು. ಇಂದು ಔಷಧ ಕಾರ್ಖಾನೆಗಳಲ್ಲಿ ಜೀವಕೋಶಗಳ ಆರೋಗ್ಯ ನೋಡುವ ಕೆಲಸ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ಬೇರು ಅಲ್ಲಿದೆ.

1857ರಲ್ಲಿ ಅವರು ಹಾಲು ಹುಳಿಯಾಗುವುದರ ಬಗ್ಗೆ ಪ್ರಬಂಧ ಮಂಡಿಸಿದರು. ನಮ್ಮ ಮನೆಯಲ್ಲಿ ಹೆಪ್ಪು ಹಾಕುವಾಗ ಆಗುವ ಕೆಲಸವೇ ಅದು. ಹೆಪ್ಪಿನಲ್ಲಿ ಜೀವವಿದೆ, ಒಂದೊಂದು ಬಗೆಯ ಹುಳಿಗೂ ಒಂದೊಂದು ಬಗೆಯ ಜೀವಿ ಕಾರಣ ಎಂದು ಅವರು ಹೇಳಿದಾಗ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್ ಒಪ್ಪಲಿಲ್ಲ. ಯೀಸ್ಟ್ ಕೊಳೆಯುವುದರಿಂದ ಸಕ್ಕರೆ ಒಡೆಯುತ್ತದೆ, ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು ಲೀಬಿಗ್ ಅವರ ವಾದ. ಪಾಶ್ಚರ್ ಮಾತಿಗೆ ಮಾತು ಬೆಳೆಸುವ ಬದಲು ಒಂದು ಪ್ರಯೋಗ ಮಾಡಿದರು. ಸಕ್ಕರೆ, ಅಮೋನಿಯಾ ಲವಣ, ಯೀಸ್ಟಿನ ಬೂದಿ ಇಷ್ಟನ್ನೇ ನೀರಿಗೆ ಹಾಕಿ, ಅದರಲ್ಲಿ ಚಿಟಿಕೆ ಯೀಸ್ಟ್ ಬಿಟ್ಟರು. ಯೀಸ್ಟ್ ಕೊಳೆಯಲಿಲ್ಲ, ಬೆಳೆಯಿತು. ಬೆಳೆಯುತ್ತಲೇ ಮದ್ಯಸಾರ ಮಾಡಿತು.

1861ರ ಹೊತ್ತಿಗೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ನನ್ನ ವೃತ್ತಿಗೆ ಬಹಳ ಹತ್ತಿರದ್ದು. ಹಳಸಿದ ಬೆಣ್ಣೆಯ ವಾಸನೆ ಕೊಡುವ ಒಂದು ಬಗೆಯ ಜೀವಿಗಳು ಗಾಳಿ ತಾಗಿದರೆ ಸಾಯುತ್ತಿದ್ದವು. ಹನಿಯ ಅಂಚಿನಲ್ಲಿ ನಿಶ್ಚಲ, ಹನಿಯ ನಡುವೆ ಚುರುಕು. ಗಾಳಿಯಿಲ್ಲದೆಯೂ ಬದುಕುವ ಜೀವ ಇದೆ ಎಂದು ಲೋಕಕ್ಕೆ ಗೊತ್ತಾದದ್ದು ಹಾಗೆ. ಯೀಸ್ಟಿನ ವಿಷಯದಲ್ಲಿ ಅವರು ನೋಡಿದ್ದು ಇನ್ನೂ ಸೋಜಿಗ. ಗಾಳಿ ಚೆನ್ನಾಗಿ ಸಿಕ್ಕಿದರೆ ಯೀಸ್ಟ್ ಸೊಂಪಾಗಿ ಬೆಳೆಯುತ್ತದೆ, ಆದರೆ ಮದ್ಯಸಾರ ಕಡಿಮೆ ಮಾಡುತ್ತದೆ. ಗಾಳಿ ಇಲ್ಲದಿದ್ದರೆ ಬೆಳವಣಿಗೆ ಕಡಿಮೆ, ಮದ್ಯಸಾರ ಹೆಚ್ಚು. ಎಂದರೆ ತೊಟ್ಟಿಗೆ ಎಷ್ಟು ಗಾಳಿ ಬಿಡಬೇಕು ಎಂಬುದೇ ಒಂದು ಲೆಕ್ಕ. ಇಂದಿಗೂ ಈ ಗುಣಕ್ಕೆ ಅವರ ಹೆಸರೇ ಇದೆ.

ಜೀವವಿಲ್ಲದ ಸಾರಿನಲ್ಲಿ ಜೀವಿಗಳು ತಾವಾಗಿ ಹುಟ್ಟುತ್ತವೆ ಎಂದು ಆಗ ಅನೇಕರು ನಂಬಿದ್ದರು. ಪಾಶ್ಚರ್ ಹಂಸದ ಕುತ್ತಿಗೆಯಂತೆ ಬಾಗಿದ ಕೊಳವೆಯ ಸೀಸೆಗಳಲ್ಲಿ ಸಾರು ಕುದಿಸಿ ಇಟ್ಟರು. ಗಾಳಿ ಒಳಹೋಗಬಹುದು, ಧೂಳು ಬಾಗಿನಲ್ಲೇ ನಿಲ್ಲುತ್ತದೆ. ಸಾರು ಕೆಡಲಿಲ್ಲ. 1860ರಲ್ಲಿ ಮುಚ್ಚಿದ ಸೀಸೆಗಳನ್ನು ಆಲ್ಪ್ಸ್ ಪರ್ವತದ ಹಿಮನದಿಯ ಬಳಿ ಹೊತ್ತೊಯ್ದು ಅಲ್ಲಿ ತೆರೆದು ಮತ್ತೆ ಮುಚ್ಚಿದರು. 20ರಲ್ಲಿ ಒಂದೇ ಒಂದು ಕೆಟ್ಟಿತು. ಬೆಟ್ಟದ ಮೇಲಿನ ಗಾಳಿ ಶುದ್ಧ ಎಂದು ನಾವು ಬಾಯಲ್ಲಿ ಹೇಳುವುದನ್ನು ಅವರು ಸೀಸೆ ಎಣಿಸಿ ತೋರಿಸಿದರು.

1863ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಅವರಿಗೆ ದ್ರಾಕ್ಷಾರಸ ಕೆಡುವ ಸಮಸ್ಯೆಯನ್ನು ಒಪ್ಪಿಸಿದರು. ಪಾಶ್ಚರ್ ತಮ್ಮ ಬಾಲ್ಯದ ಊರು ಆರ್ಬ್ವಾಕ್ಕೇ ಹೋಗಿ ನೆರೆಹೊರೆಯವರ ಪೀಪಾಯಿಗಳನ್ನು ಪರೀಕ್ಷಿಸಿದರು. ಕೆಟ್ಟ ರುಚಿಯ ಒಂದೊಂದು ಬಗೆಗೂ ಒಂದೊಂದು ಜೀವಿ ಸಿಕ್ಕಿತು. ಸುಮಾರು 50ರಿಂದ 60 ಡಿಗ್ರಿಗೆ ಸ್ವಲ್ಪ ಹೊತ್ತು ಬಿಸಿ ಮಾಡಿದರೆ ಅವು ಸಾಯುತ್ತವೆ, ರಸ ಉಳಿಯುತ್ತದೆ. ಮುಂದೆ ಇದೇ ವಿಧಾನ ಹಾಲಿಗೆ ಬಂತು. ನಮ್ಮೂರಿನ ಅಂಗಡಿಗೆ ಬೆಳಿಗ್ಗೆ ಬರುವ ನಂದಿನಿ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ಪದದಲ್ಲಿ ಅವರ ಹೆಸರು ದಿನವೂ ನಮ್ಮ ಮನೆಗೆ ಬರುತ್ತದೆ.

1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಬೀದಿಗೆ ಬಿದ್ದಿದ್ದರು. ಹುಳುಗಳ ಮೈಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ ಬಂದು ಸಾಯುತ್ತಿದ್ದವು. ಪೆಬ್ರಿನ್ ಎಂಬ ರೋಗ. ಗುರುಗಳಾದ ಡ್ಯೂಮಾ ಹೋಗೆಂದರು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳುವನ್ನು ಮುಟ್ಟಿದವರಲ್ಲ. ಆದರೂ ಹೋದರು, ಅದಕ್ಕೆ ಐದು ವರ್ಷ ಕೊಟ್ಟರು. ಮೊದಮೊದಲು ತಪ್ಪು ದಾರಿಯನ್ನೂ ಹಿಡಿದರು. ಹುಳುವಿನೊಳಗೆ ಕಾಣುವ ಹೊಳೆಯುವ ಕಣಗಳು ರೋಗದ ಫಲವೇ ಹೊರತು ಕಾರಣವಲ್ಲ ಎಂದು ಭಾವಿಸಿದ್ದರು. ಆಮೇಲೆ ತಮ್ಮ ಪ್ರಯೋಗವೇ ತಮ್ಮನ್ನು ತಪ್ಪೆಂದಾಗ ಒಪ್ಪಿಕೊಂಡು ತಿದ್ದಿಕೊಂಡರು. ಕೊನೆಗೆ ಹೇಳಿದ ಉಪಾಯ ಬಹಳ ಸರಳ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಿ. ಇಂದಿಗೂ ನಮ್ಮ ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ನಡೆಯುವ ತಾಯಿ ಚಿಟ್ಟೆ ಪರೀಕ್ಷೆ ಇದೇ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ಹಿಂದೆ ಈ ಮನುಷ್ಯನ ಐದು ವರ್ಷದ ದುಡಿಮೆ ಇದೆ.

ಆ ಐದು ವರ್ಷಗಳಲ್ಲಿ ಅವರ ಮನೆಯಲ್ಲಿ ಏನಾಯಿತು ನೋಡಿ. 1865ರಲ್ಲಿ ತಂದೆ ಹೋದರು, ಅದೇ ವರ್ಷ ಎರಡು ವರ್ಷದ ಮಗಳು ಕಮೀಲ್ ಹೋದಳು, ಮರುವರ್ಷ ಹನ್ನೆರಡು ವರ್ಷದ ಸೆಸೀಲ್. 1868ರ ಅಕ್ಟೋಬರಿನಲ್ಲಿ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಬಡಿಯಿತು. ಆಗ ಅವರಿಗೆ 45 ವರ್ಷ. ಎಡಗೈ, ಎಡಗಾಲು ಕೊನೆಯವರೆಗೂ ಪೂರ್ತಿ ಸರಿಹೋಗಲಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಹುಳುಗಳ ಬಳಿಗೆ ಹೋದರು. ಅವರ ಹೆಸರು ಜಗತ್ತಿಗೆಲ್ಲ ತಿಳಿದ ಲಸಿಕೆಯ ಕೆಲಸಗಳೆಲ್ಲ ಈ ಹೊಡೆತದ ನಂತರದವು.

1871ರಲ್ಲಿ ಅವರು ಬಿಯರ್ ತಯಾರಿಕೆಯನ್ನು ಅಭ್ಯಾಸ ಮಾಡುತ್ತ ಲಂಡನ್ನಿನ ವಿಟ್‌ಬ್ರೆಡ್ ಎಂಬ ದೊಡ್ಡ ಕಾರ್ಖಾನೆಗೆ ಹೋದರು. ಅಲ್ಲಿನ ಯೀಸ್ಟನ್ನು ಸ್ವಲ್ಪ ತರಿಸಿ ತಾವು ತಂದಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರಲ್ಲಿ ಬೇಡದ ಜೀವಿಗಳು ಸೇರಿವೆ, ನಿಮ್ಮ ಬಿಯರ್ ಚೆನ್ನಾಗಿ ಬರುತ್ತಿರಲಾರದು ಎಂದರು. ಮೊದಲು ಹಿಂಜರಿದ ಕಾರ್ಖಾನೆಯವರು ಆಮೇಲೆ ಹೌದೆಂದರು. ಒಂದು ವಾರ ಬಿಟ್ಟು ಮತ್ತೆ ಹೋದಾಗ ಅವರು ಸ್ವಂತಕ್ಕೆ ಸೂಕ್ಷ್ಮದರ್ಶಕ ಕೊಂಡುಕೊಂಡಿದ್ದರು, ಯೀಸ್ಟನ್ನೂ ಬದಲಾಯಿಸಿದ್ದರು. ಕಾರ್ಖಾನೆಯೊಳಗೆ ಒಬ್ಬ ಕುಳಿತು ಜೀವಕೋಶಗಳನ್ನು ನೋಡಬೇಕು ಎಂಬ ಪದ್ಧತಿ ಹೀಗೆ ಬೆಳೆಯಿತು. ಮುಂದೆ 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸೆನ್ ಎಂಬವರು ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿದರು.

ಇಲ್ಲಿ ನನ್ನ ಅನುಭವ ಹೇಳಬೇಕು. ನಾನು ಕೆಲಸ ಮಾಡುವುದು ಔಷಧ ತಯಾರಿಸುವ ಉಕ್ಕಿನ ತೊಟ್ಟಿಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ. ಆ ತೊಟ್ಟಿಗಳಲ್ಲಿ ಪ್ರಾಣಿಗಳ ಜೀವಕೋಶಗಳನ್ನು ಬೆಳೆಸುತ್ತಾರೆ. ಅವೇ ಔಷಧದ ಪ್ರೋಟೀನನ್ನು ತಯಾರಿಸುತ್ತವೆ. ಸುಮಾರು 37 ಡಿಗ್ರಿ ಶಾಖ, ಹುಳಿಯೂ ಕ್ಷಾರವೂ ಅಲ್ಲದ ಹದ, ಕರಗಿದ ಆಮ್ಲಜನಕ ಎಲ್ಲ ಸರಿಯಾಗಿರಬೇಕು. ಆಮ್ಲಜನಕ ಇಳಿದರೆ ಯಂತ್ರ ತಾನೇ ಗಾಳಿ ಹೆಚ್ಚಿಸುತ್ತದೆ, ಏರಿದರೆ ಕಡಿಮೆ ಮಾಡುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆಮ್ಲಜನಕದ ಗೆರೆ ಕೆಳಗಿಳಿದರೆ ಮಾತ್ರ ಎಚ್ಚರಿಕೆ ಗಂಟೆ ಬಾರಿಸುವಂತೆ ಬರೆದಿದ್ದೆ. ಒಂದು ರಾತ್ರಿ ಪರದೆಯ ಮೇಲೆ ಎಲ್ಲ ಗೆರೆಗಳೂ ನೇರವಾಗಿದ್ದವು. ಗಂಟೆ ಬಾರಿಸಲಿಲ್ಲ. ಬೆಳಿಗ್ಗೆ ಪ್ರಯೋಗಾಲಯದ ಹಿರಿಯ ಮೇಡಂ ಒಬ್ಬರು ಎಂದಿನಂತೆ ಒಂದು ಹನಿ ತೆಗೆದು, ನೀಲಿ ಬಣ್ಣ ಬೆರೆಸಿ, ಸೂಕ್ಷ್ಮದರ್ಶಕದಲ್ಲಿಟ್ಟರು. ಜೀವಂತ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ. ಅರ್ಧಕ್ಕರ್ಧ ನೀಲಿ.

ಆಮೇಲೆ ಹಿಂದಿನ ರಾತ್ರಿಯ ದಾಖಲೆ ತೆಗೆದು ನೋಡಿದೆವು. ಆಮ್ಲಜನಕದ ಗೆರೆ ನೇರವಾಗಿದ್ದದ್ದು ನಿಜ. ಆದರೆ ಅದನ್ನು ಹಾಗಿಡಲು ಬೇಕಾದ ಗಾಳಿ ಗಂಟೆಗಂಟೆಗೂ ಕಡಿಮೆಯಾಗುತ್ತಾ ಬಂದಿತ್ತು. ಉಸಿರಾಡುವವರೇ ಕಡಿಮೆಯಾಗಿದ್ದರು. ಮನೆಯಲ್ಲಿ ಅಕ್ಕಿ ಖರ್ಚಾಗುತ್ತಿಲ್ಲ ಎಂದರೆ ಉಳಿತಾಯ ಎಂದೇ ತಿಳಿಯಬಾರದು, ಉಣ್ಣುವವರು ಕಾಯಿಲೆ ಬಿದ್ದಿರಬಹುದು. ನಾನು ಡಬ್ಬಿಯನ್ನು ಕಾದಿದ್ದೆ, ಮನೆಯವರನ್ನು ನೋಡಿರಲಿಲ್ಲ. ಆ ತೊಟ್ಟಿಯನ್ನು ಚೆಲ್ಲಬೇಕಾಯಿತು. ಮೇಡಂ ಬೈಯಲಿಲ್ಲ. ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ನೋಡು ಎಂದರು. ನನಗೆ ನಮ್ಮ ತೊಟ್ಟಿಯ ಮುಂದೆ ಏನೂ ಅನ್ನದೆ ಕೈ ತೊಳೆದ ಅಪ್ಪ ನೆನಪಾದರು. ಎರಡು ಸಲ ಒಂದೇ ತಪ್ಪು. ಅವತ್ತಿನಿಂದಲೇ ನಾನು ಪಾಶ್ಚರ್ ಅವರ ಬಗ್ಗೆ ಹುಡುಕಿ ಓದತೊಡಗಿದ್ದು.

ಈಗ ಇನ್ನೂ ಹೊಸ ಉಪಕರಣಗಳಿವೆ. ತೊಟ್ಟಿಯೊಳಗೇ ಇಡುವ ಒಂದು ಕಡ್ಡಿ ರೇಡಿಯೋ ತರಂಗದ ವೇಗದಲ್ಲಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹಾಯಿಸುತ್ತದೆ. ಪೊರೆ ಗಟ್ಟಿಯಿರುವ ಜೀವಂತ ಕೋಶ ಪುಟ್ಟ ಕೆಪಾಸಿಟರಿನಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊರೆ ಹರಿದ ಸತ್ತ ಕೋಶಕ್ಕೆ ಅದು ಆಗದು. ಹೀಗೆ ಹನಿ ತೆಗೆಯದೆಯೇ ಬದುಕಿರುವ ಕೋಶಗಳ ಪ್ರಮಾಣ ತಿಳಿಯುತ್ತದೆ. ಆದರೂ ದಿನಕ್ಕೊಮ್ಮೆ ಹನಿ ತೆಗೆದು ಕಣ್ಣಿನಿಂದ ನೋಡುವುದನ್ನು ಯಾರೂ ಬಿಟ್ಟಿಲ್ಲ. ಬೀಟ್‌ರೂಟ್ ಕಾರ್ಖಾನೆಗೆ ದಿನಾ ನಡೆದುಹೋದ ಡೀನರ ಪದ್ಧತಿ ಅದು.

ಪಾಶ್ಚರ್ ಕಥೆಯ ಉಳಿದ ಭಾಗ ಎಲ್ಲರಿಗೂ ಗೊತ್ತು. ಹಳೆಯದಾಗಿ ದುರ್ಬಲಗೊಂಡ ರೋಗಾಣು ಕೋಳಿಯನ್ನು ಕೊಲ್ಲದೆ ಕಾಪಾಡುತ್ತದೆ ಎಂದು 1879-80ರಲ್ಲಿ ಕಂಡುಕೊಂಡರು. 1881ರಲ್ಲಿ ಪುಯಿ-ಲ-ಫೋರ್ ಎಂಬ ಹಳ್ಳಿಯ ಹೊಲದಲ್ಲಿ ಜನರೆದುರೇ ಕುರಿಗಳಿಗೆ ಅಂಥ್ರಾಕ್ಸ್ ಲಸಿಕೆ ಹಾಕಿದರು. ಲಸಿಕೆ ಹಾಕಿಸಿಕೊಂಡ ಕುರಿಗಳು ಉಳಿದವು, ಹಾಕಿಸಿಕೊಳ್ಳದ ಕುರಿಗಳು ಸತ್ತವು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ತಾಯಿ ಕರೆದುತಂದರು. ಪಾಶ್ಚರ್ ವೈದ್ಯರಲ್ಲ. ಬೇರೆ ವೈದ್ಯರ ಕೈಯಿಂದ 13 ಚುಚ್ಚುಮದ್ದು ಹಾಕಿಸಿದರು. ಹುಡುಗ ಬದುಕಿದ. ದೊಡ್ಡವನಾದ ಮೇಲೆ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾಗಿ ದುಡಿದ. ಜನರ ವಂತಿಗೆಯಿಂದ ಪ್ಯಾರಿಸ್ಸಿನಲ್ಲಿ ಆ ಸಂಸ್ಥೆ 1888ರಲ್ಲಿ ತೆರೆಯಿತು. ನಮ್ಮ ದಕ್ಷಿಣ ಭಾರತದಲ್ಲಿ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಆ ಮಹಾನುಭಾವರು 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಸಮಾಧಿ ಅವರ ಸಂಸ್ಥೆಯೊಳಗೇ ಇದೆ.

ದೊಡ್ಡವರ ಕಥೆ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆಯುವುದು ನಮ್ಮ ರೂಢಿ. ಆದರೆ ವಿಜ್ಞಾನದ ಶಿಷ್ಯರಾದ ನಮಗೆ ಅದು ಸಲ್ಲದು. ಅವರ ಖಾಸಗಿ ನೋಟ್‌ಬುಕ್ಕುಗಳನ್ನು ಮನೆತನದವರು ಬಹಳ ಕಾಲದ ನಂತರ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಅವನ್ನು ಓದಿದ ಇತಿಹಾಸಕಾರ ಗೈಸನ್ 1995ರಲ್ಲಿ ಒಂದು ಪುಸ್ತಕ ಬರೆದರು. ಕುರಿಗಳ ಬಹಿರಂಗ ಪ್ರಯೋಗದಲ್ಲಿ ಪಾಶ್ಚರ್ ಬಳಸಿದ್ದು ಜನ ತಿಳಿದಿದ್ದ ಗಾಳಿಯಿಂದ ದುರ್ಬಲಗೊಳಿಸಿದ ಲಸಿಕೆಯನ್ನಲ್ಲ, ಸಹಾಯಕ ಶಾಂಬರ್ಲಾಂ ರಾಸಾಯನಿಕ ಬೆರೆಸಿ ತಯಾರಿಸಿದ್ದನ್ನು. ರಾಸಾಯನಿಕದಿಂದ ಲಸಿಕೆ ಮಾಡಬಹುದೆಂದು ಮೊದಲು ದಾರಿ ತೋರಿದ್ದ ಟೂಸಾಂ ಎಂಬ ಪಶುವೈದ್ಯರ ಹೆಸರು ಹಿಂದೆ ಬಿತ್ತು. ಇದನ್ನು ಓದಿ ನನಗೆ ಬೇಸರವಾಯಿತು. ಆದರೆ ಇನ್ನೊಂದು ವಿಚಾರವೂ ಹೊಳೆಯಿತು. ಹೊರಗೆ ಜನರಿಗೆ ಹೇಳದಿದ್ದರೂ ತಮ್ಮ ನೋಟ್‌ಬುಕ್ಕಿನಲ್ಲಿ ಅವರು ನಡೆದದ್ದನ್ನು ನಡೆದಂತೆ ಬರೆದಿಟ್ಟಿದ್ದರು. ಸತ್ಯ ನಮಗೆ ತಿಳಿದದ್ದು ಅವರ ಕೈಬರಹದಿಂದಲೇ. ಮಕ್ಕಳು ಪ್ರಯೋಗ ಪುಸ್ತಕ ಬರೆಯುವಾಗ ಪಕ್ಕದವನ ಉತ್ತರ ನೋಡಿ ಅಂಕಿ ತಿದ್ದಬಾರದು ಎಂದು ನಮ್ಮ ಮೇಷ್ಟ್ರು ಏಕೆ ಅಷ್ಟು ಸಿಟ್ಟಾಗುತ್ತಿದ್ದರೆಂದು ನನಗೀಗ ಅರ್ಥವಾಗುತ್ತದೆ.

ನಮ್ಮ ಶಾಲೆಯಲ್ಲಿ ಆಗ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿರುತ್ತಿದ್ದರು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆಂದು ವಿಜ್ಞಾನ ಮೇಷ್ಟ್ರು ಅದನ್ನು ಮನೆಗೆ ಒಯ್ದು ಒಲೆಯ ಹತ್ತಿರ ಇಟ್ಟು ಕಾಪಾಡುತ್ತಿದ್ದರು. ಒಂದು ದಿನ ಕಿಟಕಿಯ ಬೆಳಕಿಗೆ ಅದನ್ನಿಟ್ಟು, ಮನೆಯಿಂದ ತಂದ ದೋಸೆ ಹಿಟ್ಟಿನ ನೀರಿನ ಒಂದು ಹನಿ ಹಾಕಿ, ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ನನ್ನ ಸರದಿ ಬಂದಾಗ ನಾನು ಒಂದು ಕ್ಷಣ ಕಣ್ಣಿಟ್ಟು, ಏನೋ ಚುಕ್ಕೆಗಳು ಎಂದು ಸರಿದುಬಿಟ್ಟೆ. ನನ್ನ ಹಿಂದೆ ಇದ್ದ ಹುಡುಗಿ ಮಾತ್ರ ಬೆಲ್ಲು ಹೊಡೆದರೂ ಕದಲಲಿಲ್ಲ. ಅವಳು ಇಂದು ನಮ್ಮ ಜಿಲ್ಲೆಯಲ್ಲೇ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಾಳೆ. ನಾನು ಮತ್ತೆ ಕಣ್ಣಿಡಲು ಹತ್ತು ವರ್ಷ ಬೇಕಾಯಿತು.

ತೇಜಸ್ವಿಯವರ ಮೂಡಿಗೆರೆ ಸೀಮೆಯವರಾದ ನಮಗೆ ಹತ್ತಿರ ಹೋಗಿ ನೋಡುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮ ಮಕ್ಕಳ ಎದುರಿಗೇ ಪ್ರತಿ ವರ್ಷ ತೊಟ್ಟಿಗಳಲ್ಲಿ ಪಾಶ್ಚರ್ ನೋಡಿದ್ದೇ ನಡೆಯುತ್ತದೆ. ಲೋಳೆಯ ಒಂದು ಹನಿ ತಂದು ನೋಡಲು ಅವರಿಗೊಂದು ಉಪಕರಣ ಬೇಕು, ನೋಡು ಎನ್ನುವ ಒಬ್ಬ ಮೇಷ್ಟ್ರು ಬೇಕು. ಮೇಷ್ಟ್ರು ನಮ್ಮಲ್ಲಿ ಎಂದೂ ಇದ್ದಾರೆ. ಉಪಕರಣದ ವಿಷಯವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ನೋಡಿಕೊಳ್ಳಬೇಕು. ನಮ್ಮ ಬ್ಯಾಚಿನವರು ಸೇರಿ ಈ ಸುವರ್ಣ ಮಹೋತ್ಸವದ ನೆನಪಿಗೆ ಸೂಕ್ಷ್ಮದರ್ಶಕಗಳನ್ನು ಕೊಡಬೇಕೆಂದು ಮಾತಾಡಿಕೊಂಡಿದ್ದೇವೆ. ಬೇರೆ ಬ್ಯಾಚಿನವರೂ ಕೈಜೋಡಿಸಬೇಕೆಂದು ಕೋರುತ್ತೇನೆ. ಒಂದೇ ಷರತ್ತು, ಅವು ಬೀರುವಿನೊಳಗೆ ಇರಬಾರದು.

ಕಳೆದ ಕೊಯ್ಲಿಗೆ ಊರಿಗೆ ಬಂದಾಗ ಬೆಳಿಗ್ಗೆ ಎದ್ದು ಅಪ್ಪನ ಜೊತೆ ತೊಟ್ಟಿಯ ಹತ್ತಿರ ಹೋದೆ. ಬೆಂಗಳೂರಿನಿಂದ ತಂದಿದ್ದ ಹುಳಿ ಅಳೆಯುವ ಪಿಎಚ್ ಮೀಟರ್ ಇಟ್ಟು ಅಂಕಿ ಓದಿದೆ. ಅಪ್ಪ ಒಂದು ಹಿಡಿ ಬೀಜ ತೆಗೆದು ನನ್ನ ಅಂಗೈಗೆ ಹಾಕಿ ಉಜ್ಜು ಎಂದರು. ಇನ್ನೂ ಜಾರುತ್ತಿತ್ತು. ಎರಡು ಗಂಟೆ ಬಿಟ್ಟು ಮತ್ತೆ ಹೋಗಿ ನೋಡಿದೆ, ಚರಚರ ಅಂದಿತು. ಆಳುಗಳನ್ನು ಕರೆದೆ.